ನೂರನಲವತ್ತಮೂರು ವರ್ಷದ ತಾಯಿನೀರು

ಹೋದ ಕಾರ್ತೀಕಕ್ಕೆ ನನಗೆ ನೂರನಲವತ್ತಮೂರು ತುಂಬಿತು. ದೇಹಕ್ಕೆ ಅರವತ್ತೊಂದು, ಆದರೆ ದೇಹವನ್ನು ನಮ್ಮೂರಲ್ಲಿ ಯಾರು ಕೇಳುತ್ತಾರೆ? ಇಲ್ಲಿ ವಯಸ್ಸು ಅಂದರೆ ಭರಣಿಯ ವಯಸ್ಸು. ನಿಮ್ಮ ಹುಳಿಸೊಪ್ಪಿನ ಭರಣಿಯಲ್ಲಿ ತಾಯಿನೀರು, ಅಂದರೆ ಸೊಪ್ಪು ಹುಳಿಯೇರುವ ಉಪ್ಪುನೀರು, ಎಷ್ಟು ವರ್ಷದಿಂದ ಕೆಡದೆ ನಿಂತಿದೆಯೋ ನಿಮಗೆ ಅಷ್ಟು ವರ್ಷ, ಮುಗಿಯಿತು. ಕೂಸು ಹುಟ್ಟಿದ ದಿನ ಅದರ ಹೆಸರಿಗೊಂದು ಹೊಸ ಭರಣಿ ಇಡುತ್ತಾರೆ. ಸಾಯುವವರು ತಮ್ಮ ಭರಣಿಯನ್ನು ಯಾರ ಕೈಗೆ ಕೊಡುತ್ತಾರೋ ಅವರು ಆ ಗಳಿಗೆಯಿಂದ ಅಷ್ಟು ದೊಡ್ಡವರಾಗುತ್ತಾರೆ. ಭರಣಿ ಒಡೆದರೆ, ಇಲ್ಲವೇ ನೀರು ಕೆಟ್ಟರೆ, ಮತ್ತೆ ಸೊನ್ನೆಯಿಂದ ಶುರು. ನಮ್ಮ ಬೀದಿಯ ಕೊನೆಯಲ್ಲಿ ಎಪ್ಪತ್ತರ ಮುದುಕನೊಬ್ಬನಿದ್ದಾನೆ. ಅವನ ಭರಣಿಯನ್ನು ಬೆಕ್ಕು ಬೀಳಿಸಿತು. ಈಗ ಸ್ಲೇಟು ಹಿಡಿದು ಒಂದನೇ ಕ್ಲಾಸಿಗೆ ಹೋಗುತ್ತಾನೆ, ಮಗ್ಗಿ ತಪ್ಪಿ ಹೇಳಿ ಮೇಷ್ಟರಿಂದ ಬೈಸಿಕೊಳ್ಳುತ್ತಾನೆ.

ಅಮ್ಮ ತೀರಿಕೊಳ್ಳುವಾಗ ನನಗೆ ಒಂಬತ್ತು. ನನ್ನ ಅಕ್ಕ ತುಂಗಿಗೆ ಹದಿಮೂರು. ಭರಣಿ ತುಂಗಿಗೇ ಬರುತ್ತದೆ ಎಂದು ಇಡೀ ಬೀದಿ ತಿಳಿದುಕೊಂಡಿತ್ತು, ತುಂಗಿಯೂ ಕೈ ತೊಳೆದುಕೊಂಡು ಬಂದು ನಿಂತಿದ್ದಳು. ಅಮ್ಮ ಮಾತ್ರ ಅದನ್ನು ಎಳೆದು ನನ್ನ ತೊಡೆಯ ಮೇಲಿಟ್ಟಳು. ಬೆಳಿಗ್ಗೆ ಕುಂಟೆಬಿಲ್ಲೆ ಆಡುತ್ತಿದ್ದವಳು ಮಧ್ಯಾಹ್ನದ ಹೊತ್ತಿಗೆ ತೊಂಬತ್ತೊಂದು ವರ್ಷದ ಮುತ್ತಜ್ಜಿಯಾಗಿದ್ದೆ. ಮಾರನೆಯ ದಿನ ಶಾಲೆಗೆ ಹೋದರೆ ಮೇಷ್ಟರು ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರು. ತುಂಗಿಯ ಬಾಯಲ್ಲಿ ಅವತ್ತಿನಿಂದ ನಾನು ಬಹುವಚನ. ತಲೆ ಬಾಚುವವಳು ಅವಳೇ, ಜಡೆ ಹಾಕುವವಳು ಅವಳೇ, ಆದರೆ ಬಾಚಣಿಗೆ ಹಿಡಿದುಕೊಂಡು “ಮುತ್ತಜ್ಜಿ, ತಲೆ ಅಲ್ಲಾಡಿಸ್ಬೇಡಿ, ಸಿಕ್ಕು ಎಳೀತದೆ” ಎನ್ನುತ್ತಿದ್ದಳು. ಹಬ್ಬದ ದಿನ ಮೊದಲು ನನ್ನ ಕಾಲಿಗೆ ಬಿದ್ದು, ಆಮೇಲೆ ನನಗೆ ಲಂಗ ತೊಡಿಸುತ್ತಿದ್ದಳು. ಮದುವೆಯಲ್ಲಿ ನನ್ನ ಗಂಡ ಜವರಯ್ಯ ತಾಳಿ ಕಟ್ಟುವ ಮುಂಚೆ ನನಗೆ ಅಡ್ಡಬಿದ್ದ. ಅವನ ಭರಣಿಗೆ ಈಗ ಮೂವತ್ತೆಂಟು. ಇವತ್ತಿಗೂ ಅವನು ನನ್ನನ್ನು ಕರೆಯುವುದು “ಮುತ್ತಜ್ಜಿ ಅವರೇ” ಎಂದು. ಇದೆಲ್ಲ ನನಗೆ ಬಹಳ ಇಷ್ಟವಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಕೋಚಪಟ್ಟೆ, ಬೇಡ ಅಂದೆ ಎಂದೆಲ್ಲ ಸುಳ್ಳು ಯಾಕೆ ಹೇಳಲಿ.

ಹುಳಿಸೊಪ್ಪು ಮೂಲದಲ್ಲಿ ನಮ್ಮದಲ್ಲ, ಚೀನಾ ದೇಶದ ಸಿಚುವಾನ್ ಸೀಮೆಯದು. ವಯಸ್ಸು ಅಳೆಯುವ ಕಚೇರಿಯ ಕಾಗದಗಳಲ್ಲಿ ಇವತ್ತಿಗೂ ಪಾವ್‌ಚಾಯ್ ಎಂದೇ ಬರೆಯುತ್ತಾರೆ. ಅಲ್ಲಿ ತಾಯಿಯಾದವಳು ಮಗಳನ್ನು ಗಂಡನ ಮನೆಗೆ ಕಳಿಸುವಾಗ ತನ್ನ ಭರಣಿಯ ನೀರನ್ನು ಜೊತೆಗೆ ಕಟ್ಟಿಕೊಡುತ್ತಾಳಂತೆ. ಹಾಗೆ ಗಂಡನ ಮನೆಗೆಂದು ಹೊರಟ ಹುಡುಗಿಯೊಬ್ಬಳು ದಾರಿ ತಪ್ಪಿ ನಮ್ಮೂರಿಗೆ ಬಂದಳು. ಎಷ್ಟು ತಪ್ಪಿದಳು ಎನ್ನುವುದನ್ನು ನೀವೇ ಯೋಚನೆ ಮಾಡಿ. ಬೆನ್ನಿಗೆ ಕಟ್ಟಿಕೊಂಡಿದ್ದ ಭರಣಿಯನ್ನು ಬಾವಿಕಟ್ಟೆಯ ಮೇಲಿಳಿಸಿ, ನೀರು ಕುಡಿದು, ಇದೇ ಗಂಡನ ಊರಿರಬೇಕು ಎಂದುಕೊಂಡಳು. ಊರವರೂ ಇರಬಹುದು ಎಂದುಕೊಂಡರು. ಯಾರ ಮನೆಯ ಸೊಸೆ ಎನ್ನುವುದು ಮಾತ್ರ ಕಡೆಯವರೆಗೂ ಬಗೆಹರಿಯಲಿಲ್ಲ. ಹಾಗಾಗಿ ಒಂದೊಂದು ಮನೆಯಲ್ಲಿ ಎಂಟೆಂಟು ದಿನ ಸೊಸೆಯಾಗಿದ್ದು, ಎಲ್ಲ ಅತ್ತೆಯರ ಜೊತೆಯೂ ಸರದಿಯಂತೆ ಜಗಳವಾಡಿ, ಹೋದ ಮನೆಗೊಂದು ಭರಣಿ ಹೂಡಿಕೊಟ್ಟಳು. ಅವಳನ್ನು ಲಿಯಾಂಗಮ್ಮ ಎಂದು ಕರೆಯುತ್ತಿದ್ದರಂತೆ. ಕಾಯಿಸಿ ಆರಿಸಿದ ಉಪ್ಪುನೀರು, ಬಿಸಿಲಿಗೆ ಬಾಡಿಸಿದ ಸಾಸಿವೆ ಸೊಪ್ಪಿನ ದಂಟು, ಮೂಲಂಗಿ, ಶುಂಠಿ, ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿ. ಭರಣಿಯ ಕೊರಳ ಸುತ್ತ ನೀರು ನಿಲ್ಲಲು ಒಂದು ಅಂಚು, ಅದರ ಮೇಲೆ ಬೋಗುಣಿ ಬೋರಲು. ಒಳಗಿನ ಗಾಳಿ ಗುಳುಕ್ ಎಂದು ಹೊರಗೆ ಬರಬೇಕು, ಹೊರಗಿನದು ಒಳಗೆ ಹೋಗಬಾರದು. ಲಿಯಾಂಗಮ್ಮ ಕಟ್ಟುನಿಟ್ಟಾಗಿ ಹೇಳಿದ್ದು ಇಷ್ಟೇ. ಎಣ್ಣೆ ತಾಗಿಸಬೇಡಿ, ಹಸಿನೀರು ಬೀಳಿಸಬೇಡಿ, ಯಾರಾದರೂ ಬಂದು ಒಂದು ಸೌಟು ತಾಯಿನೀರು ಕೇಳಿದರೆ ಇಲ್ಲ ಅನ್ನಬೇಡಿ. ಮೊದಲ ಎರಡನ್ನು ನಾನು ಪ್ರಾಣದ ಹಾಗೆ ಪಾಲಿಸಿದೆ. ಮೂರನೆಯದನ್ನು ಪಾಲಿಸಲಿಲ್ಲ. ನೂರರ ಮೇಲಿನ ನೀರು, ಕಂಡಕಂಡವರ ಭರಣಿಗೆ ಸುರಿದರೆ ನನ್ನ ದೊಡ್ಡತನ ಎಲ್ಲಿ ಉಳಿಯುತ್ತದೆ? ಐವತ್ತೆರಡು ವರ್ಷದಲ್ಲಿ ಯಾರಿಗೂ ಒಂದು ತೊಟ್ಟು ಕೊಟ್ಟವಳಲ್ಲ.

ಕೆಟ್ಟ ಗಳಿಗೆ ಬಂದದ್ದು ನನ್ನ ಹುಟ್ಟುಹಬ್ಬದ ದಿನವೇ. ನೂರು ದಾಟಿದವರಿಗೆ ಹುಟ್ಟುಹಬ್ಬದಂದು ಬೀದಿಯ ಹೆಂಗಸರೆಲ್ಲ ಸೇರಿ ಎಣ್ಣೆಸ್ನಾನ ಮಾಡಿಸುವುದು ನಮ್ಮಲ್ಲಿ ರೂಢಿ. ಪಕ್ಕದ ಮನೆಯ ಹೊಂಬಾಳಮ್ಮ ಹರಳೆಣ್ಣೆಯನ್ನು ಕೈ ತುಂಬ ಸುರಿದುಕೊಂಡು ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕಿದಳು. ಸ್ನಾನವಾಗಿ ಪೀಠದ ಮೇಲೆ ಕೂತಿದ್ದೇನೆ, ವಯೋಮಾಪನ ಕಚೇರಿಯ ಈರಭದ್ರಪ್ಪ ವರ್ಷದ ತಪಾಸಣೆಗೆ ಬಂದರು. ಇವರ ದೇಹಕ್ಕೆ ಐವತ್ತು ದಾಟಿದೆ, ಭರಣಿಗೆ ಹನ್ನೊಂದು. ಬೆಳಿಗ್ಗೆ ಆರನೇ ಕ್ಲಾಸಿಗೆ ಹೋಗಿ, ಮಧ್ಯಾಹ್ನ ಅದೇ ಚಡ್ಡಿಯಲ್ಲಿ ಕಚೇರಿಗೆ ಬರುತ್ತಾರೆ. ತಪಾಸಣೆಗೆ ಒಂದು ಹೋಳು ಮೂಲಂಗಿ ತೆಗೆದುಕೊಡಬೇಕು. ಮರದ ಸೌಟು ಕೈಗೆ ಸಿಗಲಿಲ್ಲ. ನಲವತ್ತು ಜನ ಕೈಮುಗಿದು ನಿಂತು ನೋಡುತ್ತಿದ್ದಾರೆ, ಅವರ ಮುಂದೆ ಸೌಟು ಹುಡುಕಿಕೊಂಡು ಅಡುಗೆಮನೆಯಲ್ಲಿ ತಡಕಾಡಲು ಮುತ್ತಜ್ಜಿಗೆ ಮನಸ್ಸು ಬರಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿದ ಕೈ, ಏನಾಗುತ್ತದೆ ಎಂದುಕೊಂಡು ಮೊಣಕೈವರೆಗೆ ಭರಣಿಗೆ ಇಳಿಸಿದೆ. ಈರಭದ್ರಪ್ಪ ಮೂಲಂಗಿ ಕಚ್ಚಿ, ಕಣ್ಣು ಮುಚ್ಚಿ, “ನೂರನಲವತ್ತಮೂರು, ಒಂದು ದಿನ ಹೆಚ್ಚಿಲ್ಲ ಕಡಿಮೆಯಿಲ್ಲ” ಎಂದು ಬರೆದುಕೊಂಡು ಹೋದರು.

ಉಗುರ ಸಂದಿಯಲ್ಲಿ ಎಣ್ಣೆ ಉಳಿದಿತ್ತು. ನಾಲ್ಕನೇ ದಿನ ಬೋಗುಣಿ ಎತ್ತಿದರೆ ನೀರಿನ ಮೇಲೆ ಬಿಳಿ ಬೂಷ್ಟು, ಹಾಲಿನ ಕೆನೆಯ ಹಾಗೆ. ವಾಸನೆ ಹೇಳುವುದು ಬೇಡ. ಒಂದು ಲೋಟ ಸಾರಾಯಿ ಸುರಿದೆ, ಹೊಸ ಶುಂಠಿ ಹಾಕಿದೆ, ಜುಮ್ಮನಕಾಯಿ ಹಿಡಿ ಹಿಡಿ ಹಾಕಿದೆ. ಬೂಷ್ಟು ಇನ್ನೂ ದಪ್ಪವಾಯಿತು. ವಾಸನೆ ಗೋಡೆ ದಾಟಿ ಹೊಂಬಾಳಮ್ಮನ ಮನೆಗೆ ಹೋಯಿತು, ಅಲ್ಲಿಂದ ಕಚೇರಿಗೆ ಹೋಯಿತು.

ಈರಭದ್ರಪ್ಪ ಬಂದರು. ವಾರದ ಹಿಂದೆ ಪೀಠದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದವರು ಈಗ ಮೂಗಿಗೆ ವಸ್ತ್ರ ಹಿಡಿದು ನಿಂತರು. “ಮುತ್ತಜ್ಜಿ, ನೀರು ಸತ್ತೋಗಿದೆ. ನನ್ನ ಕೈಲಿ ಏನೂ ಇಲ್ಲ. ಅಮಾವಾಸ್ಯೆವರೆಗೂ ಗಡುವು ಕೊಡ್ತೀನಿ. ನಿಮ್ಮ ಭರಣಿಯಿಂದ ಯಾರಾದ್ರೂ ಯಾವತ್ತಾದ್ರೂ ಒಂದು ಸೌಟು ತಗೊಂಡು ಹೋಗಿದ್ರೆ, ಅವರ ಹತ್ರ ವಾಪಸ್ ಇಸ್ಕೊಂಡು ಹಾಕಿ. ಕೊಟ್ಟ ನೀರು ಮನೆಗೆ ಬಂದ್ರೆ ಭರಣಿ ಸತ್ತಿದ್ದೇ ಇಲ್ಲ ಅಂತ ಕಾನೂನು. ಇಲ್ಲ ಅಂದ್ರೆ ಅಮಾವಾಸ್ಯೆ ದಿನ ತೊಟ್ಟಿಲಿಗೆ ಹಾಕ್ಬೇಕಾಗ್ತದೆ.”

“ನನ್ನನ್ನ ತೊಟ್ಟಿಲಿಗಾ?” ಎಂದೆ.

“ಹೂಂ. ಆಮೇಲೆ ಒಂದು ವರ್ಷ ಮಾತಾಡೋ ಹಾಗಿಲ್ಲ. ರಕ್ತಸಂಬಂಧದ ಹೆಂಗಸು ಯಾರಾದ್ರೂ ಸಾಕ್ಬೇಕು. ನಿಮಗೆ ಇರೋದು ತುಂಗಮ್ಮ ಒಬ್ರೇ. ಅವರಿಗೆ ಕಾಗದ ಕಳಿಸ್ತೀನಿ.”

ಜವರಯ್ಯ ಬಾಗಿಲ ಹತ್ತಿರ ನಿಂತಿದ್ದ. “ಹಾಗಾದ್ರೆ ನಮ್ಮ ಮದುವೆ ಸ್ವಾಮಿ?” ಎಂದು ಕೇಳಿದ. “ಹದಿನೆಂಟು ವರ್ಷ ಅಮಾನತು” ಎಂದರು ಈರಭದ್ರಪ್ಪ. ಜವರಯ್ಯ ಬೆರಳು ಮಡಚಿ ಎಣಿಸಿದ. ಅವನ ದೇಹಕ್ಕೆ ಅರವತ್ತಾರು. “ಆಗ ನನಗೆ ಎಂಬತ್ನಾಲ್ಕು” ಎಂದ. ಮಡಚಿದ ಬೆರಳು ಬಿಡಿಸಿ, “ಪರವಾಗಿಲ್ಲ, ಕಾಯ್ತೀನಿ” ಎಂದ. ಆ ಪೆದ್ದನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆ ಯಾವತ್ತೂ ಬಂದಿರಲಿಲ್ಲ. ಆದರೆ ಮುತ್ತಜ್ಜಿಯಾಗಿ ನಾನು ಅದನ್ನು ಹೇಳುವಂತಿರಲಿಲ್ಲ.

ಅರವತ್ತೊಂದು ವರ್ಷದ ದೇಹ ಹೊತ್ತು ತೊಟ್ಟಿಲಲ್ಲಿ ಮಲಗುವುದಕ್ಕಿಂತ, ತುಂಗಿಯ ತೊಡೆಯ ಮೇಲೆ ಬೆಳೆಯಬೇಕಲ್ಲ ಎನ್ನುವುದೇ ನನಗೆ ನುಂಗಲಾರದ ತುತ್ತಾಯಿತು. ಐವತ್ತೆರಡು ವರ್ಷ ನನ್ನ ಕಾಲಿಗೆ ಬಿದ್ದವಳು ಇನ್ನು ನನಗೆ ಗಂಜಿ ತಿನ್ನಿಸುತ್ತಾಳೆ. ಹಾಗಾಗಬಾರದು. ಏನಾದರೂ ಮಾಡಿ ಭರಣಿ ಉಳಿಸಿಕೊಳ್ಳಬೇಕು ಎಂದು ಹಟ ಹಿಡಿದೆ. ಕೊಟ್ಟ ನೀರಂತೂ ಇಲ್ಲ, ಕದ್ದ ನೀರಾದರೂ ಇರಬೇಕಲ್ಲ? ನನ್ನ ಅಡುಗೆಮನೆಗೆ ಮೂರು ಬೀಗ ಹಾಕಿಸಿದ್ದೆ, ನಿಜ. ಆದರೂ ಇಷ್ಟು ದೊಡ್ಡ ಊರಿನಲ್ಲಿ ಒಬ್ಬ ಕಳ್ಳನಾದರೂ ಹುಟ್ಟಿರುವುದಿಲ್ಲವೇ? ತಮಟೆ ಹೊಡೆಸಿ ಸಾರಿಸಿದೆ. ಮುತ್ತಜ್ಜಿಯ ತಾಯಿನೀರು ಕದ್ದವರು ಯಾರೇ ಇದ್ದರೂ ಬಂದು ಹೇಳಿ, ಮುತ್ತಜ್ಜಿ ಕ್ಷಮಿಸುವುದಷ್ಟೇ ಅಲ್ಲ, ಎದ್ದು ನಿಂತು ನಮಸ್ಕಾರ ಮಾಡುತ್ತಾರೆ ಎಂದು.

ಗಡಿಯಾರ ರಿಪೇರಿಯವನೊಬ್ಬ ಓಡಿ ಬಂದ. ತಾನು ಇಪ್ಪತ್ತು ವರ್ಷದ ಹಿಂದೆ ಹೆಂಚು ತೆಗೆದು ಇಳಿದು ಕದ್ದೆ ಎಂದು ಎದೆ ಉಬ್ಬಿಸಿ ಹೇಳಿದ. ಅವನ ನೀರನ್ನು ಈರಭದ್ರಪ್ಪ ನೆಕ್ಕಿ ನೋಡಿ, ಇದು ಹುಣಸೆಹುಳಿ ಎಂದರು. ಅವನಿಗೆ ನನ್ನಿಂದ ನಮಸ್ಕಾರ ಮಾಡಿಸಿಕೊಳ್ಳುವ ಆಸೆ, ಅಷ್ಟೇ. ಅದು ಬಿಟ್ಟರೆ ಯಾರೂ ಬರಲಿಲ್ಲ. ಕಡೆಗೆ ನಾನೇ ಮನೆಮನೆಗೆ ಹೋಗಿ ವಿಚಾರಿಸಿದೆ. ಜನ ಮರ್ಯಾದೆಯಿಂದಲೇ ಕೂರಿಸಿ, ಮಜ್ಜಿಗೆ ಕೊಟ್ಟು, ಕದ್ದಿಲ್ಲವಲ್ಲ ಎಂದು ಕೈ ಹಿಸುಕಿಕೊಂಡರು. ಹೊಂಬಾಳಮ್ಮನಿಗೆ ಮಾತ್ರ ಮಾತು ತಡೆಯಲಾಗಲಿಲ್ಲ.

“ಕದ್ದೆ ಅಂತ ಒಪ್ಕೊಳ್ಳೋಣ ಅಂದ್ರೂ ಕದ್ದಿಲ್ವಲ್ಲ ಮುತ್ತಜ್ಜಿ. ನನ್ನ ಮಗು ಹುಟ್ಟಿದಾಗ ಬಂದಿದ್ದೆ, ನೆನಪಿದ್ಯಾ? ಹೊಸ ಭರಣಿಗೆ ಶಾಸ್ತ್ರಕ್ಕೆ ಒಂದು ಚಮಚ ಕೊಡಿ ಅಂದೆ. ನೀವು ಬಾಗಿಲಲ್ಲೇ ನಿಲ್ಸಿ, ಕುಂಕುಮ ಕೊಟ್ಟು ಕಳಿಸಿದ್ರಿ. ಅವತ್ತು ಕೊಟ್ಟಿದ್ರೆ ಇವತ್ತು ಬಿಂದಿಗೆ ತುಂಬ ತಂದು ಸುರೀತಿದ್ದೆ.”

ನನಗೆ ನೆನಪಿತ್ತು. ಕುಂಕುಮ ಕೊಟ್ಟಿದ್ದೆನಲ್ಲ, ಅಷ್ಟು ಸಾಲದೇ ಎಂದು ಅವತ್ತು ಅನ್ನಿಸಿತ್ತು. ಈಗ ಅವಳ ಮುಖ ನೋಡಲಾಗದೆ ಮಜ್ಜಿಗೆ ಲೋಟ ಅಲ್ಲೇ ಇಟ್ಟು ಎದ್ದು ಬಂದೆ.

ಅಮಾವಾಸ್ಯೆಗೆ ಎರಡು ದಿನ ಉಳಿದಾಗ ತುಂಗಿಯ ಮನೆಗೆ ಹೋದೆ. ಅವಳ ಗಂಡ ಹೋಗಿ ಎಂಟು ವರ್ಷವಾಯಿತು, ಮೇಲಿನ ಬೀದಿಯಲ್ಲಿ ಒಬ್ಬಳೇ ಇದ್ದಾಳೆ. ದೇಹಕ್ಕೂ ಅರವತ್ತೈದು, ಭರಣಿಗೂ ಅರವತ್ತೈದು. ಈ ವಯಸ್ಸಿನಲ್ಲಿ ಎರಡೂ ಒಂದೇ ಇರುವವಳು ಊರಲ್ಲಿ ಅವಳೊಬ್ಬಳೇ. ಜನ ಅದನ್ನು ಒಂದು ಬಗೆಯ ಬಡತನ ಎಂದೇ ನೋಡುತ್ತಾರೆ. ಹುಟ್ಟಿದಾಗ ಇಟ್ಟ ಭರಣಿಯನ್ನೇ ಇಟ್ಟುಕೊಂಡು ಕೂತಿದ್ದಾಳೆ ಪಾಪ ಎನ್ನುತ್ತಾರೆ. ಸಾಸಿವೆ ದಂಟನ್ನು ಅಂಗಳದ ಹಗ್ಗದ ಮೇಲೆ ಒಣಹಾಕುತ್ತಿದ್ದವಳು ನನ್ನನ್ನು ಕಂಡು ಓಡಿ ಬಂದಳು.

“ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ ಮುತ್ತಜ್ಜಿ” ಎಂದು, ಮೊಣಕಾಲು ಹಿಡಿದುಕೊಂಡು ಬಗ್ಗಿ ಕಾಲು ಮುಟ್ಟಿದಳು.

“ಏಳು ತುಂಗಿ. ಒಂದು ಮಾತು ಕೇಳ್ತೀನಿ, ನಿಜ ಹೇಳು. ಅಮ್ಮನ ಭರಣಿಯಿಂದ ನೀನು ಯಾವತ್ತಾದ್ರೂ ಒಂದು ಸೌಟು ತಗೊಂಡಿದ್ಯಾ?”

“ಇಲ್ಲ ಮುತ್ತಜ್ಜಿ.”

“ನನಗೆ ಗೊತ್ತಿಲ್ದೇ ಹಾಗೆ?”

“ತಗೊಂಡಿಲ್ಲ.”

“ಹಾಗಾದ್ರೆ ತಗೊಂಡಿದ್ದೆ ಅಂತ ಹೇಳಿಬಿಡು. ಒಂದೇ ಮನೆ ಕೈರುಚಿ, ಈರಭದ್ರಪ್ಪ ನೆಕ್ಕಿ ಹೂಂ ಅಂತಾನೆ. ಒಂದು ಸೌಟು ಹಾಕು, ನನ್ನ ಮಾನ ಉಳೀತದೆ.”

ತುಂಗಿ ದಂಟಿನ ಕಟ್ಟು ಬಿಚ್ಚುತ್ತ ತಲೆ ಅಲ್ಲಾಡಿಸಿದಳು. “ನನ್ನ ನೀರು ಆ ಭರಣಿಯಿಂದ ಬಂದಿದ್ದಲ್ಲ. ಬಂತು ಅಂತ ನಾನು ಹೇಳಲ್ಲ.”

ಹಳೆಯ ಹೊಟ್ಟೆಕಿಚ್ಚು, ಬೇರೇನೂ ಅಲ್ಲ ಎಂದುಕೊಂಡೆ. ಅಮ್ಮ ಭರಣಿಯನ್ನು ತನಗೆ ಕೊಡಲಿಲ್ಲವೆಂಬ ಸಿಟ್ಟನ್ನು ಇಷ್ಟು ವರ್ಷ ನಮಸ್ಕಾರದ ಕೆಳಗೆ ಮುಚ್ಚಿಟ್ಟುಕೊಂಡಿದ್ದಾಳೆ, ಈಗ ತೀರಿಸಿಕೊಳ್ಳುತ್ತಿದ್ದಾಳೆ. ಹಾಗಿದ್ದರೆ ಆ ಸಿಟ್ಟಿನ ಬೇರನ್ನೇ ಕಿತ್ತು ಕೈಗೆ ಕೊಟ್ಟರೆ ಕರಗಿಯಾಳು ಎಂದು, ಯಾರಿಗೂ ಹೇಳದ ಮಾತನ್ನು ಅವಳ ಅಂಗಳದಲ್ಲಿ ನಿಂತು ಹೇಳಿದೆ.

“ನಾನು ಒಂಬತ್ತು ವರ್ಷದವಳಿದ್ದಾಗ, ದೀಪಾವಳಿ ಎಣ್ಣೆನೀರಿನ ದಿನ, ಅಮ್ಮನ ಭರಣಿಗೆ ಯಾರೋ ಎಣ್ಣೆ ಕೈ ಹಾಕಿದ್ರಲ್ಲ. ಅಮ್ಮ ನಿನಗೆ ಸೌಟಿನ ಹಿಡಿಯಲ್ಲಿ ಹೊಡೆದ್ಳಲ್ಲ. ಅದು ನೀನಲ್ಲ, ನಾನು. ಮೂಲಂಗಿ ಆಸೆಗೆ ಕೈ ಹಾಕಿದೆ. ತುಂಗಿ ಹಾಕಿದ್ಳು ಅಂತ ಅಮ್ಮನಿಗೆ ಹೇಳಿದೆ. ಭರಣಿ ನನಗೆ ಬಂದಿದ್ದು ಅದಕ್ಕೇ.”

ಅವಳ ಬೆನ್ನಿನ ಮೇಲೆ ಎದ್ದಿದ್ದ ಬಾಸುಂಡೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತು ಭರಣಿಗೆ ಮಾತ್ರ ಏನೂ ಆಗಿರಲಿಲ್ಲ. ದೇವರು ದೊಡ್ಡವನು, ನೀರು ಉಳಿಯಿತು ಎಂದು ಅಮ್ಮ ಮಾರನೆಯ ದಿನ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ತುಂಗಿ ಕೊನೆಯ ದಂಟನ್ನು ಹಗ್ಗಕ್ಕೆ ಹಾಕಿ ಕೈ ಒರೆಸಿಕೊಂಡಳು. “ಕಾಫಿಗೆ ಬೆಲ್ಲ ಹಾಕ್ಲಾ ಮುತ್ತಜ್ಜಿ, ಸಕ್ಕರೆ ಹಾಕ್ಲಾ?” ಎಂದಳು.

“ನಾನು ಹೇಳಿದ್ದು ಕೇಳಿಸ್ತಾ ನಿನಗೆ?”

“ಕೇಳಿಸ್ತು. ಕಚೇರಿಯಿಂದ ಕಾಗದ ಬಂದಿದೆ. ಕಿಟಕಿ ಪಕ್ಕದ ರೂಮು ಗುಡಿಸಿ ಇಟ್ಟಿದ್ದೀನಿ. ಬೆಳಿಗ್ಗೆ ಬಿಸಿಲು ಬೀಳ್ತದೆ, ಎಳೇ ಮಗುಗೆ ಒಳ್ಳೇದು.”

ಕಾಫಿ ಕುಡಿಯದೆ ಎದ್ದು ಬಂದೆ. ದಾರಿಯುದ್ದಕ್ಕೂ ಅವಳನ್ನು ಬೈದೆ. ಅವಳ ಮುಂದೆ, ಈ ಊರಿನ ಮುಂದೆ, ಒಂದು ಹನಿ ಕಣ್ಣೀರು ಹಾಕಿದರೆ ಕೇಳಿ ಎಂದು ಆಣೆ ಮಾಡಿಕೊಂಡೆ.

ಅಮಾವಾಸ್ಯೆಯ ಬೆಳಿಗ್ಗೆ ಊರ ಚಾವಡಿಯ ತೊಲೆಗೆ ಹಗ್ಗ ಕಟ್ಟಿ ಒಂದು ಮಂಚವನ್ನು ನೇತುಹಾಕಿದ್ದರು. ಅದೇ ತೊಟ್ಟಿಲು. ಜವರಯ್ಯ ಒಂದು ಕಡೆ, ಹೊಂಬಾಳಮ್ಮನ ಗಂಡ ಇನ್ನೊಂದು ಕಡೆ ಹಿಡಿದು ನನ್ನನ್ನು ಎತ್ತಿ ಮಲಗಿಸಿದರು. ತಲೆಗೆ ಕುಲಾವಿ ಕಟ್ಟಿದರು, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟರು. ಒಂದನೇ ಕ್ಲಾಸಿನ ಆ ಮುದುಕ ಬಂದು, ಗಿಲಕಿಯನ್ನು ನನ್ನ ಮೂಗಿನ ಮುಂದೆ ಅಲ್ಲಾಡಿಸಿ ಹೋದ. ಹೆಂಗಸರು ತೊಟ್ಟಿಲು ತೂಗಿ ಜೋಗುಳ ಹಾಡಿದರು. ಹೋದ ತಿಂಗಳು ಕಾಲಿಗೆ ಬಿದ್ದವರೇ ಈಗ ಕಾಲು ಹಿಡಿದು “ಎಷ್ಟುದ್ದ ಕಾಲು ನೋಡೇ” ಎಂದು ಮುದ್ದು ಮಾಡಿದರು. ಕಂಬದ ಪಕ್ಕದಲ್ಲಿ ನನ್ನ ಹೊಸ ಭರಣಿ ಇತ್ತು. ತುಂಗಿ ತನ್ನ ಮನೆಯಿಂದ ತಂದ ಚೆಂಬಿನಿಂದ ಒಂದು ಸೌಟು ತಾಯಿನೀರು ಅದಕ್ಕೆ ಹೊಯ್ದು, ಬೋಗುಣಿ ಮುಚ್ಚಿ, ಅಂಚಿಗೆ ನೀರು ತುಂಬಿದಳು. ಸಾಕುವವಳು ಹೊಯ್ಯಬೇಕು, ಅದು ನಿಯಮ. ನಾನು ಸೂರು ನೋಡಿಕೊಂಡು ಹಲ್ಲು ಕಚ್ಚಿ ಮಲಗಿದ್ದೆ.

ಈರಭದ್ರಪ್ಪ ಪುಸ್ತಕ ಬಿಚ್ಚಿ ಗಡಿಯಾರ ನೋಡಿದರು. “ಮಗು ಅಳ್ಬೇಕು” ಎಂದರು.

ನಾನು ಅಳಲಿಲ್ಲ. ಜೋಗುಳ ಮುಗಿದು ಎರಡನೆಯದು ಶುರುವಾಯಿತು. ಹೊಂಬಾಳಮ್ಮ ನನ್ನ ತೊಡೆ ಚಿವುಟಿದಳು, ನಾನು ಅವಳನ್ನು ದುರುಗುಟ್ಟಿ ನೋಡಿದೆ. ಈರಭದ್ರಪ್ಪ ಬೆವರು ಒರೆಸಿಕೊಂಡು ತುಂಗಿಗೆ ಹೇಳಿದರು, “ಮುಹೂರ್ತ ಹನ್ನೊಂದೂವರೆಗೆ ಮುಗೀತದೆ ತುಂಗಮ್ಮಾರೆ. ಅಷ್ಟರಲ್ಲಿ ಅಳದಿದ್ರೆ ಹುಟ್ಟಿದೆ ಅಂತ ಬರೆಯೋಕಾಗಲ್ಲ. ಸತ್ತು ಹುಟ್ಟಿದ್ದು ಅಂತ ಬರೀಬೇಕು. ಆಮೇಲೆ ಈ ಊರಲ್ಲಿ ಇವರಿಗೆ ಮನೆ ಇಲ್ಲ, ಪಡಿ ಇಲ್ಲ, ಯಾರೂ ಮಾತಾಡಿಸೋ ಹಾಗಿಲ್ಲ.”

ಜವರಯ್ಯ ಬಗ್ಗಿ ನನ್ನ ಕೈ ಹಿಡಿದ. “ಅಳಿ ಮುತ್ತಜ್ಜಿ ಅವರೇ. ಸ್ವಲ್ಪ ಅಳಿ, ನಾಟಕಕ್ಕಾದ್ರೂ” ಎಂದ. ನನಗೂ ಹೆದರಿಕೆಯಾಯಿತು. ಅತ್ತುಬಿಡೋಣ ಎಂದು ಬಾಯಿ ತೆರೆದೆ ಕೂಡ. ಆದರೆ ಐವತ್ತೆರಡು ವರ್ಷ ಯಾರ ಮುಂದೆಯೂ ಅಳದ ಮುಖ ಅದು. ಒಳಗಿನಿಂದ ಏನೂ ಬರಲಿಲ್ಲ, ಬರೀ ಗಾಳಿ ಬಂತು.

ಈರಭದ್ರಪ್ಪ ಪೆನ್ನು ತೆಗೆದರು. “ಹೆಸರಾದ್ರೂ ಕರೆದುಬಿಡಿ, ಶಾಸ್ತ್ರ ಮುಗೀಲಿ” ಎಂದರು. ನಮ್ಮಲ್ಲಿ ಹೆಸರನ್ನು ಸಾಕುವವಳು ಮಗುವಿನ ಕಿವಿಯಲ್ಲಿ ಮೂರು ಸಲ ಉಸುರಬೇಕು. ತುಂಗಿ ಎದ್ದು ಬಂದಳು. ಏನು ಹೆಸರಿಡುತ್ತಾಳೋ, ತಿಪ್ಪವ್ವ ಎಂದೋ ಕಲ್ಲವ್ವ ಎಂದೋ ಇಟ್ಟು ಸೇಡು ತೀರಿಸಿಕೊಳ್ಳುತ್ತಾಳೆ ಎಂದು ನಾನು ಮುಖ ತಿರುಗಿಸಿದೆ. ಅವಳು ಕುಲಾವಿಯ ಅಂಚು ಸರಿಸಿ, ನನ್ನ ಕಿವಿಗೆ ಬಾಯಿ ತಂದು, ಅಂಗೈ ಅಡ್ಡ ಹಿಡಿದಳು.

“ಅಮ್ಮನ ಭರಣಿ ಆ ದೀಪಾವಳಿಗೇ ಸತ್ತೋಯ್ತು ಕಣೇ” ಎಂದಳು. “ಉಳೀತು ಅಂದಿದ್ದು ಸುಳ್ಳು. ಕಚೇರಿಯವರಿಗೆ ಗೊತ್ತಾದ್ರೆ ಅಮ್ಮನ್ನೇ ತೊಟ್ಟಿಲಿಗೆ ಹಾಕ್ತಿದ್ರು, ನಾವಿಬ್ರೂ ಏನಾಗ್ತಿದ್ವಿ? ನೀರೆಲ್ಲ ಹಿತ್ತಲಿಗೆ ಚೆಲ್ಲಿ, ನನ್ನ ಭರಣಿಯಿಂದ ಸೌಟಲ್ಲಿ ತುಂಬಿ ತುಂಬಿ ಹಾಕಿದ್ವಿ. ನೀನು ಜಗಲಿ ಮೇಲೆ ಚಕ್ಕುಲಿ ತಿಂತಾ ಕೂತಿದ್ದೆ. ನಿನ್ನದು ನೂರನಲವತ್ತಮೂರು ಅಲ್ಲ, ಯಾವತ್ತೂ ಅಲ್ಲ. ನನ್ನ ನೀರು ನಿನ್ನದರಿಂದ ಬರಲಿಲ್ಲ ಅಂದ್ನಲ್ಲ. ನಿನ್ನದು ನನ್ನದರಿಂದ ಬಂತು.”

ನಾನು ತಟ್ಟನೆ ತಲೆಯೆತ್ತಲು ಹೋದೆ. ಅವಳು ಹಣೆ ಒತ್ತಿ ಮಲಗಿಸಿದಳು. ಸುತ್ತ ನಿಂತವರು ಒಂದು ಎಂದು ಎಣಿಸಿದರು. ಐವತ್ತೆರಡು ವರ್ಷ ಹೇಳದೆ ಇಟ್ಟುಕೊಂಡವಳು ನನಗೆ ಬಾಯಿ ಇಲ್ಲದ ದಿನ ನೋಡಿ ಹೇಳುತ್ತಿದ್ದಾಳೆ. ಎಷ್ಟು ಕೇಳಬೇಕಿತ್ತು, ಎಷ್ಟು ಜಗಳ ಆಡಬೇಕಿತ್ತು ನಾನು. ಅವಳು ಮತ್ತೆ ಬಗ್ಗಿದಳು.

“ಎಣ್ಣೆ ಕೈ ಯಾರದು ಅಂತ ಅಮ್ಮನಿಗೆ ಗೊತ್ತಾಯ್ತು. ನನಗೆ ಹೊಡೆದ ಮೇಲೆ ನಿನ್ನ ಉಗುರು ಮೂಸಿ ನೋಡಿದ್ಳು. ನನ್ನ ಬೆನ್ನಿಗೆ ಅರಿಶಿನ ಹಚ್ತಾ ಅತ್ಲು. ಹೋಗೋ ಮುಂಚೆ ನನ್ನ ಕರೆದು, ಸುಳ್ಳು ಹೇಳಿದವಳಿಗೇ ಸುಳ್ಳು ಭರಣಿ ಕೊಡ್ತೀನಿ, ನಿಜದ್ದು ನಿನ್ನ ಹತ್ರಾನೇ ಇದೆ, ಇಟ್ಕೋ ಅಂದ್ಳು. ಆಮೇಲೆ, ಅವಳಿಗೆ ಹೇಳ್ಬೇಡ ಕಣೇ, ಇನ್ನೂ ಚಿಕ್ಕವಳು, ದೊಡ್ಡವಳಾದ ಮೇಲೆ ಹೇಳು ಅಂದ್ಳು. ನೀನು ದೊಡ್ಡವಳಾಗಲೇ ಇಲ್ವಲ್ಲೇ.”

ಎರಡು ಎಂದು ಜನ ಎಣಿಸಿದರು. ನಮ್ಮ ಭರಣಿಯ ಮೂಲಂಗಿ ಕಚ್ಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದವರೆಲ್ಲ ನನ್ನ ಕಣ್ಣ ಮುಂದೆ ಬಂದರು. ನೂರು ವರ್ಷದ ಹುಳಿ ಎಂದು ಅವರು ಹೊಗಳಿದ್ದು ತುಂಗಿಯ ಹುಳಿಯನ್ನು. ಆ ಹುಳಿ ಹೊತ್ತುಕೊಂಡು ನಾನು ಪೀಠದ ಮೇಲೆ ಕೂತಿದ್ದೆ, ಅವಳು ಎಲ್ಲ ಗೊತ್ತಿದ್ದೂ ಬಗ್ಗಿ ಬಗ್ಗಿ ಕಾಲು ಮುಟ್ಟಿದ್ದಳು. ಆದರೂ ಹಲ್ಲು ಕಚ್ಚಿಕೊಂಡೇ ಇದ್ದೆ.

ಈರಭದ್ರಪ್ಪ “ಬೇಗ ತುಂಗಮ್ಮಾರೆ” ಎಂದರು. ಅವಳು ಮೂರನೆಯ ಸಲ ಬಗ್ಗಿದಳು.

“ವನಜಿ” ಎಂದಳು.

ಆ ಹೆಸರಿನಿಂದ ನನ್ನನ್ನು ಕರೆದವರು ಅಮ್ಮ ಹೋದ ಮೇಲೆ ಯಾರೂ ಇಲ್ಲ. ಮುತ್ತಜ್ಜಿಯನ್ನು ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗಿತ್ತು? ನನಗೇ ಮರೆತುಹೋಗಿತ್ತು. ಬಾಯಿಯ ತುದಿ ನಡುಗಿತು, ಹಿಡಿದೆ, ಆಗಲಿಲ್ಲ. ಜೋರಾಗಿ ಅತ್ತೆ. ಚಾವಡಿಯ ತೊಲೆಯ ಮೇಲಿದ್ದ ಪಾರಿವಾಳಗಳು ಎದ್ದು ಹಾರಿಹೋಗುವ ಹಾಗೆ, ಮೂಗಿನಲ್ಲಿ ಬಾಯಲ್ಲಿ ಸುರಿಯುವ ಹಾಗೆ ಅತ್ತೆ. ಜವರಯ್ಯ ನಕ್ಕು ಅಳತೊಡಗಿದ. ಈರಭದ್ರಪ್ಪ ಗಡಿಯಾರ ನೋಡಿ, ಹನ್ನೊಂದು ಇಪ್ಪತ್ತೇಳಕ್ಕೆ ಮಗು ಅತ್ತಿತು ಎಂದು ಗಟ್ಟಿಯಾಗಿ ಓದುತ್ತಾ ಬರೆದುಕೊಂಡರು. ತುಂಗಿ ಮಂಚದ ಅಂಚಿಗೆ ಕೂತು, ನನ್ನ ತಲೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಮೂಗು ಒರೆಸಿದಳು. ನಾನು ಅವಳ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಳು ನಿಲ್ಲಲಿಲ್ಲ.

“ಗಟ್ಟಿ ಮಗು” ಎಂದಳು ಹೊಂಬಾಳಮ್ಮ. “ಬದುಕ್ತದೆ.”